ಚೀಟಿಯ ಹಿಂಬದಿ

ಕಾನೂನು ಇಲಾಖೆಯ ಗ್ರಂಥಾಲಯದಲ್ಲಿ ಎಲ್ಲರೂ ಅವರನ್ನು ಗೋಂದಪ್ಪ ಎಂದೇ ಕರೆಯುತ್ತಿದ್ದರು. ತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮೂವತ್ತೊಂದು ವರ್ಷ ಅವರು ಮಾಡಿದ್ದು ಒಂದೇ ಕೆಲಸ. ಸಂವಿಧಾನಕ್ಕೆ ತಿದ್ದುಪಡಿಯಾದಾಗಲೆಲ್ಲ ಹೊಸ ವಾಕ್ಯಗಳನ್ನು ಅಚ್ಚು ಹಾಕಿದ ಚೀಟಿಗಳು ಬರುತ್ತಿದ್ದವು. ಅವನ್ನು ಕತ್ತರಿಸಿ ಗ್ರಂಥಾಲಯದ ದಪ್ಪ ಪ್ರತಿಯಲ್ಲಿ ಹಳೆಯ ವಾಕ್ಯಗಳ ಮೇಲೆ ಅಂಟಿಸುವುದು. ಸದನದಲ್ಲಿ ಮೇಜು ಗುದ್ದಿ, ಗಂಟಲು ಹರಿದುಕೊಂಡು, ಒಂದು ಸರ್ಕಾರವನ್ನೇ ಬೀಳಿಸಿ ಪಾಸಾದ ತಿದ್ದುಪಡಿ ಇವರ ಮೇಜಿಗೆ ಬರುವಷ್ಟರಲ್ಲಿ ನಾಲ್ಕು ಬೆರಳಗಲದ ಕಾಗದವಾಗಿರುತ್ತಿತ್ತು.

ಕೆಲಸ ಕಲಿಸಿದ ಹಳೆಯ ಗ್ರಂಥಪಾಲಕರು ಮೊದಲ ದಿನವೇ ತಾಕೀತು ಮಾಡಿದ್ದರು: "ಮೇಲಂಚಿಗೆ ಮಾತ್ರ ಗೋಂದು ಹಚ್ಚಪ್ಪ. ಪೂರ್ತಿ ಅಂಟಿಸ್ಬೇಡ. ಯಾರಾದ್ರೂ ಬಂದು ಆವತ್ತು ಕಾನೂನು ಏನಿತ್ತು ಅಂತ ಕೇಳಿದ್ರೆ, ಎತ್ತಿ ತೋರಿಸೋ ಹಾಗಿರ್ಬೇಕು. ಹಿಂದುಗಡೆ ತಾರೀಖು ಬರಿ, ಮರೀಬೇಡ."

ಬರೆದರು. ಒಂದು ದಿನ ತಾರೀಖಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ಇನ್ನೊಂದು ಸಾಲು ಸೇರಿಸಿದರು: "ಬೆಳಗ್ಗೆಯಿಂದ ಯಾರೂ ಮಾತಾಡಿಸಿಲ್ಲ." ಅಲ್ಲಿಂದ ಅದೇ ಚಟವಾಯಿತು. ಮದುವೆಯ ಮಾತು ಎರಡು ಸಲ ಎದ್ದು ತಾನಾಗಿಯೇ ತಣ್ಣಗಾಗಿತ್ತು. ಮನೆಯಲ್ಲಿ ತಾಯಿ ಒಬ್ಬರೇ. ಆಮೇಲೆ ಅವರೂ ಇಲ್ಲ. ಹೇಳಿಕೊಳ್ಳಲು ಇದ್ದದ್ದು ಚೀಟಿಯ ಬೆನ್ನು. ಮತದಾನದ ವಯಸ್ಸು ಇಳಿಸಿದ ಚೀಟಿಯ ಹಿಂದೆ "ಹೊಸ ಚಪ್ಪಲಿ ಕಚ್ಚುತ್ತಿದೆ" ಎಂದಿತ್ತು. ಹಳ್ಳಿಗಳಿಗೆ ಅಧಿಕಾರ ಹಂಚಿದ ಚೀಟಿಯ ಹಿಂದೆ, "ಪಕ್ಕದ ಮನೆಯವರು ಹೇಳದೆ ಕೇಳದೆ ಖಾಲಿ ಮಾಡಿಕೊಂಡು ಹೋದರು." ಕಾನೂನು ಕೇಳಲು ಬರುವವರು ಹೊಸದನ್ನು ಓದಿಕೊಂಡು ಹೋಗುತ್ತಿದ್ದರು. ಚೀಟಿ ಎತ್ತಿ ನೋಡಿದ ಪುಣ್ಯಾತ್ಮ ಒಬ್ಬನೂ ಇಲ್ಲ.

ನಿವೃತ್ತಿಗೆ ಎರಡು ವಾರವಿದ್ದಾಗ ಸೂಪರಿಂಟೆಂಡೆಂಟರು ಬಾಗಿಲಲ್ಲೇ ನಿಂತು ಹೇಳಿದರು: "ಗೋಂದಪ್ಪ, ಸುಧಾರಣಾ ಆಯೋಗದವರಿಗೆ ಸಂವಿಧಾನದ ಹಳೇ ವಾಕ್ಯಗಳೆಲ್ಲ ಬೇಕಂತೆ. ಬೇರೆ ಕಚೇರಿಗಳ ಪ್ರತಿ ಎಲ್ಲ ಗೋಡೆಗೆ ಪೋಸ್ಟರ್ ಬಡಿದ ಹಾಗೆ ಅಂಟಿಸಿಬಿಟ್ಟಿದ್ದಾರೆ. ನಿಮ್ದೊಂದೇ ಸರಿ ಇರೋದು. ನಾಳೆ ಒಂದೊಂದು ಚೀಟೀನೂ ಎತ್ತಿ ಸ್ಕ್ಯಾನ್ ಮಾಡ್ತಾರೆ. ದೇಶಾನೇ ನೋಡುತ್ತೆ ಬಿಡಿ!"

ದೇಶ ನೋಡುವುದು ಚಪ್ಪಲಿ ಕಚ್ಚಿದ್ದನ್ನೇ? ಗೋಂದಪ್ಪನವರು ಬಾಗಿಲು ಮುಂದೆ ಮಾಡಿ, ರಬ್ಬರ್ ಹಿಡಿದು ಕೂತರು. ಪ್ರತಿಯೊಂದನ್ನೂ ಒಮ್ಮೆ ಓದಿ, ತಾರೀಖು ಉಳಿಸಿ, ಮಿಕ್ಕಿದ್ದನ್ನು ಅಳಿಸಿದರು. ಕಚೇರಿ ಮುಚ್ಚುವ ಹೊತ್ತಿಗೆ ಎಲ್ಲವೂ ಖಾಲಿಯಾಯಿತು, ಒಂದನ್ನು ಬಿಟ್ಟು. ಅದು ಏಳಲೇ ಇಲ್ಲ. ಅದನ್ನು ಅಂಟಿಸಿದ ದಿನ ಗಮನ ಕೆಲಸದ ಮೇಲಿರಲಿಲ್ಲ. ಚೀಟಿಯ ತುಂಬ ಗೋಂದು ಬಳಿದುಬಿಟ್ಟಿದ್ದರು. ಅವರ ಇಡೀ ನೌಕರಿಯಲ್ಲಿ ಆದ ತಪ್ಪು ಅದೊಂದೇ. ಈಗ ಅದೇ ಒಳ್ಳೆಯದಾಯಿತು ಎಂದುಕೊಂಡರು.

ಮರುದಿನ ಸ್ಕ್ಯಾನ್ ಮಾಡಲು ಬಂದ ಹುಡುಗಿ ಚೀಟಿ ಎತ್ತುವುದು, ಅದರ ಬೆನ್ನಿನ ಮೇಲೆ ಕಪ್ಪು ರಟ್ಟು ಮುಚ್ಚುವುದು, ಗುಂಡಿ ಒತ್ತುವುದು, ಹೀಗೆ ಸರಸರ ಸಾಗಿದಳು.

"ಹಿಂದುಗಡೆ ಬೇಡ್ವೇನಮ್ಮ?" ಎಂದು ಗೋಂದಪ್ಪನವರು ಕೇಳಿದರು.

"ಅದ್ಯಾಕೆ ಸರ್? ಅದರ ಕೆಳಗಿರೋ ಹಳೇ ವಾಕ್ಯ ಬಂದ್ರೆ ಸಾಕು."

ಅವರಿಗೆ ಅಳುವೇ ಬಂತು. ಮೂವತ್ತೊಂದು ವರ್ಷವನ್ನು ತಮ್ಮ ಕೈಯಾರೆ ಉಜ್ಜಿ ಹಾಕಿದ್ದರು. ಸುಮ್ಮನೆ, ಯಾರೂ ಕೇಳದೆ. ರಬ್ಬರಿನ ಪುಡಿ ಇನ್ನೂ ಮೇಜಿನ ಮೇಲೆಯೇ ಬಿದ್ದಿತ್ತು.

"ಸರ್, ಇದು ಏಳ್ತಿಲ್ವಲ್ಲ. ಬಿಟ್ಟುಬಿಡ್ಲಾ?"

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೆಳಗೆ ಒಂದು ಹಳೆಯ ವಾಕ್ಯವಿತ್ತು, ಕಲಿಸಿದವರ ಮಾತೂ ಇತ್ತು. ಚಹಾ ಕಾಯಿಸುವ ಕೆಟಲ್ ತಂದು, ಬಟ್ಟೆಯನ್ನು ಹಬೆಗೆ ಹಿಡಿದು, ಚೀಟಿಯ ಮೇಲೆ ಒತ್ತಿ ಒತ್ತಿ ಮೆತ್ತಗೆ ಮಾಡಿದರು. ಹರಿಯದಿರಲಿ ಎಂದು ಹುಡುಗಿ ಇನ್ನೊಂದು ಮೂಲೆ ಹಿಡಿದಳು. ಚೀಟಿ ಎದ್ದಿತು. ಬೆನ್ನ ಮೇಲಿನ ಪೆನ್ಸಿಲ್ ಅಕ್ಷರ ಹಾಗೇ ಇತ್ತು. ಅವಳು ಗಟ್ಟಿಯಾಗಿ ಓದಿಯೇಬಿಟ್ಟಳು.

"ಅಮ್ಮ ಮೊನ್ನೆ ತೀರಿಕೊಂಡಳು. ಎರಡು ದಿನ ಯಾಕೆ ಬರಲಿಲ್ಲ ಎಂದು ಇಲ್ಲಿ ಯಾರೂ ಕೇಳಲಿಲ್ಲ."

ಕೈಯಲ್ಲಿದ್ದ ಕಪ್ಪು ರಟ್ಟನ್ನು ಅವಳು ಪಕ್ಕಕ್ಕಿಟ್ಟಳು.

"ನೀವು ಬರೆದಿದ್ದಾ ಸರ್?"

"ಹೂಂ."

"ಏನಾಗಿತ್ತು ಅಮ್ಮನಿಗೆ?"

ತಾರೀಖಿನ ಪ್ರಕಾರ ಆ ಮಾತಿಗೆ ಇಪ್ಪತ್ತೆರಡು ವರ್ಷವಾಗಿತ್ತು. ಗೋಂದಪ್ಪನವರು ಒದ್ದೆ ಚೀಟಿಯನ್ನು ಬಿಡದೆ, ಕಾಲಿನಿಂದಲೇ ಕುರ್ಚಿ ಎಳೆದುಕೊಂಡು ಕೂತರು.

"ಮೂರು ದಿನದಿಂದ ಜ್ವರ ಇತ್ತಮ್ಮ," ಎಂದು ಶುರುಮಾಡಿದರು.