ಮಹದೇವಸ್ವಾಮಿ ಮತ್ತು ದಿನಕ್ಕೆ ನಾಲ್ಕು ಸಾವು

ಮಹದೇವಸ್ವಾಮಿಯವರ ಕೆಲಸ ಏನೆಂದು ಅವರ ಮನೆಯವರಿಗೇ ಸರಿಯಾಗಿ ಗೊತ್ತಿಲ್ಲ. ಶ್ರೀರಾಂಪುರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಲಿನಕ್ಸ್ ಸರ್ವರ್ ನೋಡಿಕೊಳ್ಳುತ್ತಾರೆ. ಅದು ಓಡುತ್ತಿದ್ದರೆ ಅವರು ಇದ್ದಾರೆಂಬುದೇ ಯಾರಿಗೂ ನೆನಪಿರುವುದಿಲ್ಲ. ನಿಂತರೆ ಇಡೀ ಲ್ಯಾಬು ಅವರ ಹೆಸರು ಕೂಗುತ್ತದೆ. ಹೋದ ತಿಂಗಳಿಂದ ದಿನಕ್ಕೆ ನಾಲ್ಕು ಸಲ ಕೂಗುತ್ತಿತ್ತು. ಯಾರದೋ ರಿಪೋರ್ಟ್ ಪ್ರಿಂಟಿಗೆ ಕೊಟ್ಟಾಗ, ರಿಪೋರ್ಟ್ ತಯಾರಿಸುವ ಪ್ರೋಗ್ರಾಂ ಇದ್ದಕ್ಕಿದ್ದಂತೆ ಸತ್ತುಬೀಳುತ್ತಿತ್ತು. "ಸೋಮವಾರದೊಳಗೆ ಸರಿಹೋಗದಿದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ನೋಡ್ಕೋತೀನಿ" ಎಂದುಬಿಟ್ಟರು ಮಾಲೀಕ ಡಾಕ್ಟರ್ ಷಡಕ್ಷರಿ.

ಹನ್ನೆರಡು ವರ್ಷದ ಹಿಂದೆ ಆ ಪ್ರೋಗ್ರಾಂ ಬರೆದವನು ನಾನು. ಆದ್ದರಿಂದಲೇ ಸ್ವಾಮಿ ಫೋನ್ ಮಾಡಿದಾಗಲೆಲ್ಲ ಬಹಳ ಧೈರ್ಯವಾಗಿ, "ನಿಮ್ಮ ರ‍್ಯಾಮ್ ಹೋಗಿದೆ ಕಣ್ರೀ" ಎನ್ನುತ್ತಿದ್ದೆ. ಪಾಪ, ಆ ಮೆಮೊರಿ ಕಾರ್ಡನ್ನೇ ಬದಲಾಯಿಸಿದರು. ಒಂದು ಭಾನುವಾರವಿಡೀ ಕೂತು ಮೆಮೊರಿ ಟೆಸ್ಟ್ ಓಡಿಸಿದರು. ಒಂದು ತಪ್ಪೂ ಇಲ್ಲ. ಮಾರನೇ ದಿನ ಮತ್ತೆ ನಾಲ್ಕು ಸಾವು. ಡಾಕ್ಟರ ಗಡುವು ಬಂದದ್ದು ಆ ವಾರವೇ.

"ಸಾರ್, ಸಾಯೋವಾಗ ಪ್ರೋಗ್ರಾಂ ತನ್ನ ಮೆಮೊರಿನೆಲ್ಲ ಒಂದು ಫೈಲಿಗೆ ಬರೆದಿಡಬೇಕಲ್ವಾ? ಎಲ್ಲೂ ಕಾಣ್ತಿಲ್ವಲ್ಲ?" ಎಂದು ಸ್ವಾಮಿ ಮತ್ತೆ ಫೋನ್ ಮಾಡಿದರು.

"ಡಿಸ್ಕ್ ತುಂಬುತ್ತೆ ಅಂತ ಅದನ್ನ ನಾನೇ ಆಫ್ ಮಾಡ್ಸಿದ್ದೆ."

ಆ ಕಡೆಯಿಂದ ಉದ್ದನೆಯ ಉಸಿರು. "ಒಳ್ಳೆ ಕೆಲಸ ಮಾಡ್ಬುಟ್ರಿ ಸಾರ್."

ಆನ್ ಮಾಡಿದರು. ಶನಿವಾರ ಬೆಳಿಗ್ಗೆ ನನ್ನನ್ನು ಲ್ಯಾಬಿಗೆ ಕರೆಸಿ, ಪ್ರೋಗ್ರಾಂ ಸಾಯುವಾಗ ಬರೆದಿಟ್ಟ ಫೈಲ್ ತೆರೆದು ತೋರಿಸಿದರು. ಪ್ರಿಂಟಿಂಗಿಗೆ ಮೀಸಲಾದ ಜಾಗದಲ್ಲಿ "ಪುಟ್ಟಮಾದಮ್ಮ" ಎಂದು ಬಿದ್ದಿತ್ತು. ಇವರ್ಯಾಕೆ ಇಲ್ಲಿಗೆ ಬಂದರು? ಕೌಂಟರಿನಲ್ಲಿ ಹೆಸರು ಹೊಡೆಯುವ ಚೂಡಾಮಣಿಯನ್ನು ಕೇಳಿದೆವು.

"ಒಂದೇ ದಿನ ಮೂರು ಜನ ಪುಟ್ಟಮಾದಮ್ಮ ಬಂದ್ರೆ ಎಂಗೆ ಸಾರ್ ಗೊತ್ತಾಗೋದು? ಅದಕ್ಕೇ 'ಇಲವಾಲದ ಸಣ್ಣಮಾದಯ್ಯನವರ ಸೊಸೆ ಪುಟ್ಟಮಾದಮ್ಮ' ಅಂತ ಪೂರ್ತಿ ಹೊಡೀತೀನಿ. ಹೋದ ತಿಂಗಳಿಂದ ಕನ್ನಡದಲ್ಲೇ!"

ಹೆಸರಿಗೆ ನಾನು ಕೊಟ್ಟಿದ್ದು ಅರವತ್ತನಾಲ್ಕು ಬೈಟ್ ಜಾಗ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ್ದಕ್ಕೆ ಕಮ್ಮಿಯೆಂದರೂ ಮೂರು, ಒತ್ತು ಬಂದರೆ ಒಂಬತ್ತು. ಹಿಡಿಯುತ್ತದೋ ಇಲ್ಲವೋ ನೋಡದೆ ತುಂಬುವ ಹಾಗೆ ಬರೆದ ಮಹಾನುಭಾವನೂ ನಾನೇ. ಹೆಚ್ಚಾದದ್ದು ಪಕ್ಕದ ಪ್ರಿಂಟಿಂಗಿನ ಜಾಗಕ್ಕೆ ಚೆಲ್ಲುತ್ತಿತ್ತು. ಚೆಲ್ಲಿದಾಗ ಸದ್ದಿಲ್ಲ, ಪ್ರಿಂಟಿಗೆ ಕೊಟ್ಟಾಗ ಸಾವು.

ಸ್ವಾಮಿ ಬೈಯಲಿಲ್ಲ. ಕುರ್ಚಿ ಬಿಟ್ಟುಕೊಟ್ಟು, ತಮ್ಮ ಮೊಬೈಲನ್ನು ಕೀಬೋರ್ಡಿನ ಪಕ್ಕ ಇಟ್ಟರು. "ಸರಿಮಾಡ್ತಿರಿ ಸಾರ್, ಕಾಫಿ ಕುಡ್ಕೊಂಡು ಬತ್ತೀನಿ."

"ಫೋನ್ ಬಿಟ್ಟು ಹೋಗ್ತಿದೀರಲ್ರೀ?"

"ಡಾಕ್ಟ್ರು ಮಾಡ್ತಾರೆ. ನೀವೇ ಹೇಳ್ಬುಡಿ."

ಐದೇ ನಿಮಿಷಕ್ಕೆ ಬಂತು. "ಏನ್ರೀ ಸ್ವಾಮಿ, ಏನಾಯ್ತು?"

"ಸ್ವಾಮಿ ಅಲ್ಲ ಡಾಕ್ಟ್ರೇ, ಪ್ರೋಗ್ರಾಂ ಬರೆದವನು. ಅವರದೇನೂ ತಪ್ಪಿಲ್ಲ. ತಪ್ಪೆಲ್ಲ ನಂದೇ."

"ಹಾಗಿದ್ರೆ ಸೋಮವಾರ ಸ್ವಾಮಿ ಎಂದಿನ ಹಾಗೆ ಕೆಲಸಕ್ಕೆ ಬರ್ಲಿ. ನೀವು ನನ್ನ ರೂಮಿಗೆ ಬನ್ನಿ" ಎಂದರು.