ನಿಂತಲ್ಲೇ ಎವರೇಜ್ ಕೊಟ್ಟ ಗಾಡಿ

ಆ ದಿನ ಕಾರಿನಲ್ಲಿ ನಾವು ಮೂವರಿದ್ದೆವು. ಸ್ಟೇರಿಂಗ್ ಹಿಡಿದವನು ನಾನು. ಪಕ್ಕದಲ್ಲಿ ನೆರೆಮನೆಯ ಚಾಚಾ, ಸರಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ಹಿಂದೆ ನನ್ನ ಹೆಂಡತಿ, ರಾಯಬಾಗದ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಅಥಣಿಯ ಮದುವೆಗೆಂದು ಚಿಕ್ಕೋಡಿ ಬಿಟ್ಟಿದ್ದೆವು. ರಾಯಬಾಗದ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಎಲ್ಲರೂ ಇಂಜಿನ್ ಬಂದ್ ಮಾಡಿ ಇಳಿದು ಸೇಂಗಾ ತಿನ್ನುತ್ತಿದ್ದರು. ನಾನು ಮಾತ್ರ ಬಂದ್ ಮಾಡಿರಲಿಲ್ಲ.

ಯಾಕೆ ಮಾಡಿರಲಿಲ್ಲ ಎಂಬುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎರಡು ಸೀಜನ್ನಿನ ಕಬ್ಬಿನ ದುಡ್ಡು ಒಟ್ಟಿಗೆ ಕೈಗೆ ಬಂದಾಗ ಬುದ್ಧಿವಂತರು ಬಾವಿ ತೋಡಿಸುತ್ತಾರೆ, ಪೈಪು ಹಾಕಿಸುತ್ತಾರೆ. ನಾನು ಪುಣೆಗೆ ಹೋಗಿ ಜರ್ಮನಿಯ ಕಾರೊಂದನ್ನು ತಂದೆ. ಸೆಕೆಂಡ್ ಹ್ಯಾಂಡು ನಿಜ, ಆದರೆ ಮುನ್ನೂರು ಕುದುರೆಗಳ ಶಕ್ತಿ. ಆ ಮುನ್ನೂರು ಕುದುರೆಗಳು ನಮ್ಮ ರಸ್ತೆಯಲ್ಲಿ ಎರಡು ಟ್ರೇಲರ್ ಕಬ್ಬು ಎಳೆಯುವ ಟ್ರ್ಯಾಕ್ಟರಿನ ಹಿಂದೆ, ಅದರ ಹಾಡು ಕೇಳುತ್ತ, ಹೆಜ್ಜೆ ಹಾಕುತ್ತಿದ್ದವು. ಪ್ರತಿ ಸ್ಪೀಡ್ ಬ್ರೇಕರಿಗೂ ಗಾಡಿಯ ಹೊಟ್ಟೆ ತರಚುತ್ತಿತ್ತು. ನಮ್ಮ ಆಯಿ ಇದ್ದಿದ್ದರೆ ‘ಡೌಲಿಗೆ ಹುಟ್ಟಿದವ’ ಎಂಬ ಒಂದೇ ಮಾತಿನಲ್ಲಿ ನನ್ನನ್ನು ಮುಗಿಸಿಬಿಡುತ್ತಿದ್ದಳು.

ಹೆಂಡತಿಯನ್ನು ಒಪ್ಪಿಸುವುದು ಸುಲಭವಿರಲಿಲ್ಲ. ಅವಳು ಮತ್ತು ಇನ್ನು ಮೂವರು ಟೀಚರುಗಳು ಒಂಬತ್ತು ವರ್ಷದಿಂದ ಬಾಡಿಗೆ ವ್ಯಾನೊಂದರಲ್ಲಿ ಶಾಲೆಗೆ ಹೋಗಿಬರುತ್ತಿದ್ದರು. ಕಿಟಕಿಯ ಪಕ್ಕದ ಸೀಟು ಅವಳದು. ಇನ್ನು ಮೇಲೆ ನಾನೇ ದಿನಾ ರಾಣಿಯ ಹಾಗೆ ಬಿಟ್ಟು ಕರೆತರುತ್ತೇನೆ, ಖರ್ಚು ವ್ಯಾನಿಗಿಂತ ಬಹಳ ಹೆಚ್ಚಾಗುವುದಿಲ್ಲ ಎಂದು ನಂಬಿಸಿದೆ. ನಂಬಿ ಅವಳು ತನ್ನ ಸೀಟನ್ನು ಹೊಸದಾಗಿ ಬಂದ ಟೀಚರೊಬ್ಬಳಿಗೆ ಬಿಟ್ಟುಕೊಟ್ಟಳು.

ನಾನು ಸುಳ್ಳು ಹೇಳಿರಲಿಲ್ಲ. ನಮ್ಮ ಕಡೆ ಗಾಡಿ ಕಂಡವರು ಕೇಳುವ ಮೊದಲ ಮಾತು ‘ಎವರೇಜ್ ಎಷ್ಟ ಕೊಡತೈತಿ’ ಎಂಬುದು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದೊಂದೇ ಆ ಶಬ್ದಕ್ಕೆ ನಮ್ಮಲ್ಲಿರುವ ಅರ್ಥ. ಕಾರಿನ ನಡುವಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ದಪ್ಪಗೆ ‘ಎವರೇಜ್’ ಎಂದಿತ್ತು. ಕೆಳಗೆ ಹದಿನಾಲ್ಕು ಪಾಯಿಂಟ್ ಎರಡು. ಅದರ ಪಕ್ಕ ಸಣ್ಣ ಅಕ್ಷರದಲ್ಲಿ ಇನ್ನೇನೋ ಇತ್ತು. ಅದನ್ನು ಓದಲು ಚಾಳೀಸು ಹಾಕಬೇಕು. ಇಂಥ ಕಾರಿನಲ್ಲಿ ಕುಳಿತು ಯಾರಾದರೂ ಚಾಳೀಸು ಹಾಕುತ್ತಾರೆಯೇ?

ಇಷ್ಟು ದೊಡ್ಡ ಗಾಡಿಗೆ ಹದಿನಾಲ್ಕು! ಊರೆಲ್ಲ ಹೇಳಿಕೊಂಡು ತಿರುಗಿದೆ. ಆಮೇಲೆ ಅದರ ಸ್ವಭಾವವನ್ನೂ ಅಭ್ಯಾಸ ಮಾಡಿದೆ. ನಿಪ್ಪಾಣಿಯ ಹೈವೇಯಲ್ಲಿ ಒಂದೇ ಹದಕ್ಕೆ ಓಡಿಸಿದರೆ ಅಂಕಿ ಹತ್ತಕ್ಕೆ ಇಳಿಯುತ್ತಿತ್ತು; ಬೇಸರವಾಗುತ್ತಿತ್ತು. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಕುಂಟುವಾಗ ಹದಿನಾರು. ಏಸಿ ಹಾಕಿ ಜೋರಾಗಿ ತುಳಿದರೆ ಹದಿನೇಳು. ಈ ಗಾಡಿಗೆ ಒಳ್ಳೆಯ ರಸ್ತೆ ಒಗ್ಗುವುದಿಲ್ಲ, ನಮ್ಮ ರಸ್ತೆಗೆಂದೇ ಮಾಡಿದ್ದಾರೆ ಎಂಬ ತೀರ್ಮಾನಕ್ಕೆ ಬಂದೆ. ಬೇಡಕಿಹಾಳದ ಸಂಬಂಧಿಕರಿಗೆ, ಎಷ್ಟು ಒತ್ತುತ್ತೀರೋ ಅಷ್ಟು ಎವರೇಜು ಎಂದು ಗುಟ್ಟು ಹೇಳಿಕೊಟ್ಟೆ.

ಆದರೂ ಟ್ಯಾಂಕು ಬೇಗ ಬೇಗ ಬರಿದಾಗುತ್ತಿತ್ತು. ಪಂಪಿನವರು ಕಡಿಮೆ ಹಾಕುತ್ತಾರೆಂದು ಮೂರು ಪಂಪು ಬದಲಿಸಿದೆ. ಕೊನೆಗೆ ಗಡಿ ದಾಟಿ ಮಹಾರಾಷ್ಟ್ರದ ಕಡೆ ಹೋಗಿ ತುಂಬಿಸಿಕೊಂಡು ಬಂದೆ. ಅಲ್ಲಿ ಪೆಟ್ರೋಲು ತುಟ್ಟಿ. ಅಲ್ಲಿಯವರೇ ಸೋವಿಯೆಂದು ನಮ್ಮ ಕಡೆ ಬಂದು ಸಾಲುಗಟ್ಟುತ್ತಾರೆ. ಅವರು ಬರುವಾಗ ನಾನು ಹೋಗುತ್ತಿದ್ದೆ, ತುಟ್ಟಿಯದು ಗಟ್ಟಿ ಇರಬಹುದು ಎಂದು. ಇದರ ನಡುವೆ ಒಂದು ಟೈರು ಒಡೆಯಿತು. ಕೊಲ್ಲಾಪುರದಿಂದ ಹೊಸದು ತರಿಸಿದೆ. ಅದರ ಬೆಲೆಯನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಗೇಟಿನ ಮುಂದೆ ಇಂಜಿನ್ ಬಂದ್ ಮಾಡದಿದ್ದುದು ಇದಕ್ಕೇ. ನಿಂತಲ್ಲೇ ಅಂಕಿ ಏರುವುದನ್ನು ಚಾಚಾನಿಗೆ ತೋರಿಸಬೇಕಿತ್ತು. ಡಿಪೋದಲ್ಲಿ ಡೀಸೆಲ್ ಉಳಿಸಿದ್ದಕ್ಕೆ ಬೆಳ್ಳಿಯ ಪದಕ ಪಡೆದ ಮನುಷ್ಯ. ಅವರ ಶಹಬ್ಬಾಸ್‌ಗಿರಿ ಸಿಕ್ಕರೆ ಅದರ ತೂಕವೇ ಬೇರೆ.

ಹದಿನಾಲ್ಕು ಪಾಯಿಂಟ್ ಎರಡು ಇದ್ದದ್ದು ಮೂರಾಯಿತು, ನಾಲ್ಕಾಯಿತು. ಚಾಚಾ ಬಹಳ ಹೊತ್ತು ನೋಡಿದರು.

“ತಮ್ಮಾ, ನಿಂತ ಗಾಡಿ ಎವರೇಜ್ ಹೆಂಗ ಕೊಡತೈತಿ?”

“ಜರ್ಮನಿ ಗಾಡಿ ಚಾಚಾ. ಇದರ ಲೆಕ್ಕನ ಬ್ಯಾರೆ.”

“ನಿಂತ ಗಾಡಿ ಎಣ್ಣಿ ಕುಡಿಯೂದ ಜಿಂದಗಿ ಭರ ನೋಡೇನಿ. ಎಣ್ಣಿ ಹಡಿಯೂದ ಇವತ್ತ ನೋಡಾಕತ್ತೇನಿ,” ಎಂದವರೇ ಹಿಂದಕ್ಕೆ ತಿರುಗಿದರು. “ಬಾಯೋರ, ನನ್ನ ಚಾಳೀಸ ಮನ್ಯಾಗ ಉಳದೈತಿ. ಆ ಅಂಕಿ ಬಾಜೂಕ ಸಣ್ಣ ಅಕ್ಷರದಾಗ ಏನ ಐತಿ, ಒಂಚೂರ ಓದ್ರಿ.”

ಅವಳು ಎರಡು ಸೀಟಿನ ನಡುವೆ ಬಾಗಿ ಓದಿದಳು. ನೂರು ಕಿಲೋಮೀಟರಿಗೆ ಇಷ್ಟು ಲೀಟರ್ ಎಂದು ಬರೆದಿತ್ತು. ಅಂದರೆ ಕಾರು ಇಷ್ಟು ದಿನ ಹೇಳುತ್ತಿದ್ದದ್ದು ತಾನು ಓಡಿದ್ದನ್ನಲ್ಲ, ಕುಡಿದದ್ದನ್ನು. ನಾನು ಎರಡು ತಿಂಗಳಿಂದ ಅದನ್ನು ಹೆಚ್ಚು ಹೆಚ್ಚು ಕುಡಿಸಿ ಖುಷಿಪಡುತ್ತಿದ್ದೆ. ಗಣಿತದ ಟೀಚರಿಗೆ ಕಾಗದ ಬೇಕಾಗಲಿಲ್ಲ.

“ಲೀಟರಿಗೆ ಏಳು,” ಎಂದಳು.

ನಾನು ಇಂಜಿನ್ ಬಂದ್ ಮಾಡಿದೆ. ಆಗಲೇ ಗೇಟು ತೆಗೆಯಿತು, ಹಿಂದಿನವರೆಲ್ಲ ಹಾರ್ನ್ ಹೊಡೆದರು.

ಅಥಣಿಯಲ್ಲಿ ಕಾರಿನಿಂದ ಇಳಿಯುವುದಕ್ಕೂ ನಾಲ್ಕು ಜನ ಸುತ್ತ ನೆರೆದು ಎವರೇಜ್ ಕೇಳುವುದಕ್ಕೂ ಸರಿಹೋಯಿತು. ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಏಳು ಎಂದೆ. ಯಾರೂ ನಂಬಲಿಲ್ಲ. ಕಣ್ಣು ಬೀಳುತ್ತದೆಂದು ಕಡಿಮೆ ಹೇಳುತ್ತಿದ್ದೇನೆ ಅಂದುಕೊಂಡರು. ಕಾಗವಾಡದ ಕಡೆಯ ಹಿರಿಯರೊಬ್ಬರಂತೂ ಶ್ರೀಮಂತರಲ್ಲಿ ಇಷ್ಟು ವಿನಯ ಅಪರೂಪ ಎಂದು ನನ್ನ ಬೆನ್ನು ತಟ್ಟಿದರು. ನಾನು ಆಯುಷ್ಯದಲ್ಲಿ ಹೇಳಿದ ಅತಿ ಕಷ್ಟದ ಸತ್ಯ ಹಾಗೆ ವ್ಯರ್ಥವಾಯಿತು.

ಬರುವಾಗ ಮೆಲ್ಲಗೆ ಓಡಿಸಿದೆ. ಚಾಚಾ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿದ್ದರು. ಖರ್ಚಿನ ಮಾತು ಬರುತ್ತದೆ ಎಂದು ಕಾದೆ. ಕೃಷ್ಣಾ ಹೊಳೆಯ ಸೇತುವೆ ದಾಟಿದ ಮೇಲೆ ಹೆಂಡತಿ ಬಾಯಿ ಬಿಟ್ಟಳು.

“ರೊಕ್ಕ ಹೋಗಲಿ ಬಿಡ್ರಿ. ನನ್ನ ಸೀಟ ಹೋತು. ಮನ್ಯಾಗಿಂದೂ ಸಾಲ್ಯಾಗಿಂದೂ ಎಲ್ಲಾ ಆ ವ್ಯಾನಿನ್ಯಾಗ ಮಾತಾಡಿ ಹಗರ ಆಗತಿದ್ದೆ. ನಿಮ್ಮ ಗಾಡ್ಯಾಗ ನೀವ ಆ ಅಂಕಿ ನೋಡ್ತೀರಿ, ನಾ ನಿಮ್ಮನ್ನ ನೋಡ್ತೀನಿ.”

ಎರಡು ತಿಂಗಳು ದಿನಾ ಅವಳ ಪಕ್ಕದಲ್ಲೇ ಕುಳಿತು ಓಡಿಸಿದ್ದೆ. ಅವಳು ಸುಮ್ಮನಿದ್ದದ್ದನ್ನು ಕಾರಿನ ಸುಖ ಎಂದು ತಿಳಿದಿದ್ದೆ. ಆ ಅಂಕಿಯನ್ನು ಓದಿದ ಹಾಗೆಯೇ ಇದನ್ನೂ ಓದಿದ್ದೆ.

ಸೋಮವಾರ ಬೆಳಿಗ್ಗೆ ಅವಳಿಗೆ ಹೇಳದೆ, ವ್ಯಾನ್ ನಿಲ್ಲುವ ಜಾಗಕ್ಕೆ ನಡೆದುಕೊಂಡು ಹೋದೆ. ನಾಲ್ವರು ಟೀಚರುಗಳು ಒಳಗೆ ಕುಳಿತಿದ್ದರು. ಹದಿನಾಲ್ಕರ ಕಥೆಯನ್ನೂ ಏಳರ ಕಥೆಯನ್ನೂ ಏನೂ ಮುಚ್ಚಿಡದೆ ಹೇಳಿದೆ. ಡ್ರೈವರ್ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕ. ಹೊಸ ಟೀಚರು ಎದ್ದು ಸೀಟು ಬಿಡಲು ಹೊರಟಾಗ ಹಿರಿಯ ಟೀಚರು ಅವಳ ಕೈ ಹಿಡಿದು ಕೂರಿಸಿದರು.

“ಯಾರೂ ಇಳಿಯೂದ ಬ್ಯಾಡ. ಅಕಿ ಬರೂದಾದ್ರ ನಾವ ಸರಕೋತೀವ್ರಿ ಸರ,” ಎಂದರು. “ನೀವ ಬರ್ತೀನಿ ಅಂದ್ರ ಜಾಗಾ ಇಲ್ಲ.”

ಕಾರು ಈಗಲೂ ಅಂಗಳದಲ್ಲಿದೆ. ಮದುವೆ ಮುಂಜಿಗಳಿಗೆ ಹೊರಗೆ ತೆಗೆಯುತ್ತೇವೆ.

ಆ ಮಂಗಳವಾರ ವ್ಯಾನ್ ನಮ್ಮ ಮನೆಯ ಮುಂದೆಯೇ ಬಂದು ನಿಂತಿತು. ಹೆಂಡತಿ ಟಿಫಿನ್ ಡಬ್ಬಿ ಹಿಡಿದು ಹತ್ತಿದಳು. ಕಿಟಕಿಯಲ್ಲಿ ಹೊಸ ಟೀಚರು ಕುಳಿತಿದ್ದಳು, ಇವಳು ನಡುವೆ ಒತ್ತಿಕೊಂಡು ಕುಳಿತಳು. ಬಾಗಿಲು ಒಮ್ಮೆಗೆ ಮುಚ್ಚಿಕೊಳ್ಳಲಿಲ್ಲ. ಡ್ರೈವರ್ ಇಳಿದು ಬಂದು ಹೊರಗಿನಿಂದ ದಬ್ಬಿ ಹಾಕಿದ. ವ್ಯಾನ್ ಹೊರಡುವ ಮೊದಲೇ ಒಳಗೆ ಮಾತು ಶುರುವಾಗಿತ್ತು.