ಡೀಸೆಲ್ ಇದ್ರೀಸರ ಪೆಟ್ರೋಲ್ ಜೀಪು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕನಕಪುರದ ಹೊರಗೆ, ಕಲ್ಲು ಕ್ವಾರಿಯ ತಿರುವಿನಲ್ಲಿ ಡಾಂಬರು ಮುಗಿದು ಕೆಸರು ಶುರುವಾಗುವ ಕಡೆ ಇದ್ರೀಸ್ ಜೀಪು ನಿಲ್ಲಿಸಿ ಇಳಿಯುತ್ತಾರೆ. ಟ್ಯಾಂಕಿನ ಮುಚ್ಚಳ ತಿರುಗಿಸಿ, ಮೂಗಿಟ್ಟು ಮೂಸುತ್ತಾರೆ. ಮುಚ್ಚಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಮೂಸುತ್ತಾರೆ. "ಪೆಟ್ರೋಲೇ" ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಆಮೇಲೆ ಹಿಂದಿನ ಸೀಟಿಗೆ ಹಾಸಿದ ರಗ್ಗಿನ ಸುಕ್ಕು ಬಿಡಿಸುತ್ತಾರೆ, ಕೂಸನ್ನು ಮಲಗಿಸುವ ಮುಂಚೆ ಹಾಸಿಗೆ ಸವರುವ ಹಾಗೆ.

ಆ ರಗ್ಗು ಸುಂದರಮ್ಮನವರಿಗೆ. ತಿರುವಿನಿಂದ ಮೇಲಕ್ಕೆ ಹುಣಸೆದೊಡ್ಡಿ ಎಂಬ ಪುಟ್ಟ ಊರಿನಲ್ಲಿ ಅವರ ಮನೆ. ಕಿಡ್ನಿ ಎರಡೂ ಕೈಕೊಟ್ಟಿವೆ. ವಾರಕ್ಕೆರಡು ಸಲ ಪೇಟೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಕ್ವಾರಿ ಲಾರಿಗಳು ಉತ್ತು ಹಾಕಿದ ಈ ದಾರಿಯನ್ನು ಮಳೆಗಾಲದಲ್ಲಿ ಆಂಬುಲೆನ್ಸ್ ಹತ್ತುವುದಿಲ್ಲ, ಆಟೊ ಹತ್ತುವುದಿಲ್ಲ. ಹಾಲಿನ ಕ್ಯಾನು, ಹಿಪ್ಪುನೇರಳೆ ಸೊಪ್ಪು, ಬಸುರಿಯರು, ಬಾಣಂತಿಯರು, ಎಲ್ಲರಿಗೂ ಇದ್ರೀಸರ ಜೀಪೇ ಗತಿ. ಆದರೆ ಕಳೆದ ಸರದಿಗೆ ಸುಂದರಮ್ಮ ಜೀಪು ಹತ್ತಲಿಲ್ಲ. ಇವತ್ತೂ ತಪ್ಪಿದರೆ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದಾರೆ.

ಪತ್ರಿಕೆಗೆ ಬರೆಯಲು ಬಂದ ನಾನು ಪಕ್ಕದ ಸೀಟಿನಲ್ಲಿ. ಜೀಪು ಕೆಸರಿಗೆ ಇಳಿಯುತ್ತದೆ. ಇದ್ರೀಸ್ ಎಡಗಾಲಿನ ಚಪ್ಪಲಿ ಬಿಟ್ಟು, ಬರಿಗಾಲನ್ನು ತಳದ ತಗಡಿಗೆ ಊರುತ್ತಾರೆ. ಹಳೆಯ ಡೀಸೆಲ್ ಎಂಜಿನ್ ಇದ್ದಾಗಿನ ಅಭ್ಯಾಸವದು. ಚಕ್ರ ಮಣ್ಣು ಹಿಡಿದಿದೆಯೋ ಜಾರುತ್ತಿದೆಯೋ ಆಗ ಅಂಗಾಲಿಗೇ ತಿಳಿಯುತ್ತಿತ್ತಂತೆ. "ಈಗ ಏನೂ ಗೊತ್ತಾಗಲ್ಲ ಅಕ್ಕ. ಇದು ಒಳ್ಗೊಳ್ಗೇ ಗುಯ್‌ಗುಟ್ತದೆ" ಎನ್ನುತ್ತಾರೆ.

ಕ್ವಾರಿ ಲಾರಿಯಲ್ಲಿ ಕ್ಲೀನರ್ ಆಗಿದ್ದವರು ಇದ್ರೀಸ್. ಹೆಂಡತಿ ಶರ್ಫುನ್ನೀಸಾ ರೇಷ್ಮೆ ನೂಲು ತೆಗೆಯುತ್ತಾರೆ. ಕುದಿಯುವ ನೀರಿನಲ್ಲಿ ಗೂಡು ಆಡಿಸಿ ಆಡಿಸಿ ಅವರ ಬೆರಳ ತುದಿಗಳು ಸದಾ ಬೆಳ್ಳಗೆ ಉಬ್ಬಿರುತ್ತವೆ. ಇಬ್ಬರ ದುಡಿಮೆಯಲ್ಲಿ ಕೊಂಡ ಹಳೆಯ ಜೀಪು ಇದು. ಪೇಟೆಯಲ್ಲಿ ಸೈಕಲ್ ರಿಪೇರಿಯ ಇದ್ರೀಸ್ ಒಬ್ಬರಿದ್ದುದರಿಂದ ಸುಂದರಮ್ಮ ಇವರನ್ನು ಡೀಸೆಲ್ ಇದ್ರೀಸ್ ಎಂದು ಕರೆದರು. ಊರೂ ಹಾಗೇ ಕರೆಯಿತು. ಆ ಖುಷಿಗೆ ಇವರು ಟ್ಯಾಂಕಿನ ಮುಚ್ಚಳದ ಮೇಲೆ ಕೆಂಪು ಪೇಂಟಿನಲ್ಲಿ ದಪ್ಪಗೆ 'ಡೀಸೆಲ್' ಎಂದು ಬರೆದುಕೊಂಡರು.

ಈ ಬೇಸಿಗೆಯಲ್ಲಿ ಡೀಸೆಲ್ ಎಂಜಿನ್ನಿನ ಬ್ಲಾಕ್ ಸೀಳಿಹೋಯಿತು. ಆ ಮಾಡೆಲಿನ ಬಿಡಿಭಾಗ ಬಿಡದಿಯಲ್ಲೂ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ಗೆಳೆಯ ಸಾಬೀರ್ ಮೆಕ್ಯಾನಿಕ್. ಅವರು ಗುಜರಿಯಿಂದ ಒಂದು ಪೆಟ್ರೋಲ್ ಎಂಜಿನ್ ತಂದು ಕೂರಿಸಿದರು. ಅವತ್ತು ಶುರುವಾದ ಜಗಳ ಇನ್ನೂ ನಿಂತಿಲ್ಲ. ಗ್ಯಾರೇಜಿನ ಮುಂದೆ ಇಬ್ಬರನ್ನೂ ಕೂರಿಸಿ ಕೇಳಿದರೆ ಸಾಕು.

"ಲೇ ಇದ್ರೀಸಾ, ಡೀಸೆಲ್ ಅಂದ್ರೆ ಎಮ್ಮೆ ಕಣ್ಲಾ. ಪೆಟ್ರೋಲ್ ಕುದ್ರೆ!"

"ಕೆಸ್ರಿಗೆ ಕುದ್ರೆ ಇಳುಸ್ತಾರೇನ್ಲಾ? ಎಮ್ಮೆನೇ ಇಳಿಯೋದು."

"ಮುಂದ್ಗಡೆ ಭಾರ ಕಮ್ಮಿ ಆಯ್ತಲ್ಲೋ! ಮೊದ್ಲು ಮೂತಿ ಹೂತ್ಕೋತಿತ್ತು, ಈಗ ಹೂತದಾ?"

"ಇಲ್ಲ. ಅದೊಂದು ಸುಳ್ಳಲ್ಲ" ಎಂದು ಒಪ್ಪಿಕೊಂಡು ಇದ್ರೀಸ್ ನನ್ನ ಕಡೆ ತಿರುಗುತ್ತಾರೆ. "ಡೀಸೆಲ್‌ಗೆ ನಿಧಾನದಲ್ಲೇ ದಮ್ಮು ಅಕ್ಕ. ಫಸ್ಟ್ ಗೇರ್ ಹಾಕಿ ಕಾಲೆತ್ತಿಬುಟ್ರೂ ಟುಕು ಟುಕು ಅಂತ ತಾನೇ ಎಳ್ಕಂಡೋಯ್ತದೆ. ನೀರು ತಾಗಿ ಕೆಡಾಕೆ ಪ್ಲಗ್ಗೂ ಇಲ್ಲ. ಪೆಟ್ರೋಲ್‌ಗೆ ವೇಗದಲ್ಲಿ ದಮ್ಮು. ಒಸಿ ಜಾಸ್ತಿ ಒತ್ತುದ್ರೆ ಚಕ್ರ ನಿಂತಲ್ಲೇ ತಿರುಗಿ ತನ್ ಗುಂಡಿ ತಾನೇ ತೋಡ್ಕತದೆ. ಒಸಿ ಕಮ್ಮಿ ಮಾಡುದ್ರೆ ಆಫ್ ಆಯ್ತದೆ. ಹಿಂದೆ ಪೇಷಂಟ್ ಕೂರುಸ್ಕಂಡು ಎಷ್ಟು ಅಂತ ಒತ್ಲಿ?"

ಎಂಜಿನ್ ಬದಲಾಯಿತು, ಮುಚ್ಚಳ ಬದಲಾಗಲಿಲ್ಲ. ಸಾಬೀರ್ ಕೆರೆದು ತೆಗಿ ಎಂದರೂ ಇದ್ರೀಸರಿಗೆ ಆ ಕೆಂಪಕ್ಷರದ ಮೇಲೆ ಕೈ ಬರಲಿಲ್ಲ.

ಹೋದ ತಿಂಗಳು, ಸುಂದರಮ್ಮನ ಸರದಿಯ ಒಂದು ಬೆಳಿಗ್ಗೆ, ಪೇಟೆಯ ಬಂಕಿನಲ್ಲಿ ರಕ್ಷಿತಾ ಎಂಬ ಹೊಸ ಹುಡುಗಿ ಕೆಲಸಕ್ಕಿದ್ದಳು. ಇದ್ರೀಸ್ ಹಿಂದೆ ರಗ್ಗು ಕಟ್ಟುತ್ತಿದ್ದರು. ಅವಳು ಮುಚ್ಚಳ ಓದಿದಳು. "ಡೀಸೆಲಣ್ಣ, ತುಂಬ್ಲಾ?" ಎಂದಳು. ಹೆಸರಿಗೆ ಓಗೊಡುವ ಹಾಗೆ ಇವರು "ತುಂಬವ್ವ" ಎಂದರು.

ಟ್ಯಾಂಕಿನ ತಳದಲ್ಲಿ ಪೆಟ್ರೋಲ್ ಉಳಿದಿತ್ತು. ಎರಡೂ ಬೆರೆತು ಜೀಪು ಹೊಗೆ ಕಾರುತ್ತ, ಕೆಮ್ಮುತ್ತ ಹೇಗೋ ಊರು ತಲುಪಿತು. ಚಳಿಗೆ ಹೀಗೆ ಎಂದುಕೊಂಡರು. ಸುಂದರಮ್ಮನನ್ನು ಕೂರಿಸಿಕೊಂಡು ಇಳಿಯುವಾಗ ಹಳ್ಳದ ನಡುವೆ, ಮಳೆಯಲ್ಲಿ, ನಿಂತೇಬಿಟ್ಟಿತು. ಕ್ವಾರಿಯಿಂದ ಟ್ರ್ಯಾಕ್ಟರ್ ಬಂದು ಎಳೆಯುವ ಹೊತ್ತಿಗೆ ಆಸ್ಪತ್ರೆಯ ಸರದಿ ಕಳೆದಿತ್ತು. ಸಂಜೆಗೆ ಉಸಿರಾಟ ಕೆಟ್ಟು ಅವರನ್ನು ಬೆಂಗಳೂರಿಗೆ ಸಾಗಿಸಬೇಕಾಯಿತು. ಜೀವ ಉಳಿಯಿತು. ಆದರೆ ಮನೆಗೆ ಬಂದವರು ಮೊದಲಿನ ಸುಂದರಮ್ಮ ಅಲ್ಲ.

"ಆ ಮಗೀನ ಯಾರೂ ಬಯ್ಬ್ಯಾಡಿ" ಎನ್ನುತ್ತಾರೆ ಇದ್ರೀಸ್. "ಬರ್ದಿದ್ನ ಓದೈತೆ. ಬರ್ದೋನು ನಾನು." ಆ ಸಂಜೆಯೇ ಅವರು ಸ್ಕ್ರೂಡ್ರೈವರಿನಿಂದ ಅಕ್ಷರ ಕೆರೆದರು. ಅಲ್ಲೀಗ ಬರಿ ತಗಡು. ತುಕ್ಕು ಹಿಡಿಯುತ್ತಿದೆ.

ಜೀಪು ಮನೆ ಮುಂದೆ ಬಂದು ನಿಲ್ಲುತ್ತದೆ. ಮತ್ತೆ ಡಾಂಬರು ಮುಟ್ಟುವವರೆಗೆ ಎಂಜಿನ್ ಆರಿಸಬಾರದು ಎನ್ನುವುದು ಇದ್ರೀಸರ ನಿಯಮ. ಸುಂದರಮ್ಮ ಜಗಲಿಯ ಮೇಲೆ ಕೂತಿದ್ದಾರೆ. ಪಾದ ಊದಿ ಕಾಲುಂಗುರ ಮಾಂಸದಲ್ಲಿ ಹೂತಿದೆ. ಗಂಡ ಮಲ್ಲಿಕಾರ್ಜುನಯ್ಯ ಔಷಧಿಯ ಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ.

"ಅಮ್ಮಾ, ಪೆಟ್ರೋಲೇ ಹಾಕ್ಸಿವ್ನಿ. ಎರಡು ಸತಿ ಮೂಸಿ ನೋಡಿವ್ನಿ. ಏಳಿ."

"ನಿನ್ ಮ್ಯಾಲೆ ಸಿಟ್ಟಿಲ್ಲ ಕಣಪ್ಪ" ಎನ್ನುತ್ತಾರೆ ಸುಂದರಮ್ಮ, ಮಾತಿಗೊಮ್ಮೆ ಉಸಿರು ಎಳೆದುಕೊಳ್ಳುತ್ತ. "ಅವತ್ತು ಆ ಕೆಸ್ರಲ್ಲಿ ಕೂತಿದ್ನಲ್ಲ, ಆಗ್ಲೇ ಅನ್ಸ್‌ಬುಡ್ತು, ಇನ್ನು ಸಾಕು ಅಂತ. ಗಾಡಿ ಸರಿಯಾಯ್ತು. ನಂಗೆ ಆಯ್ತಿಲ್ಲ."

"ಅಯ್ನೋರೇ, ನೀವಾದ್ರೂ ಹೇಳಿ."

"ಹೇಳ್ದೆ. ರಾತ್ರಿಯೆಲ್ಲ ಹೇಳ್ದೆ ಇದ್ರೀಸಪ್ಪ" ಎಂದು ಮಲ್ಲಿಕಾರ್ಜುನಯ್ಯ ಚೀಲವನ್ನು ಗೂಟಕ್ಕೆ ತಗುಲಿಸುತ್ತಾರೆ.

ಇದ್ರೀಸ್ ಕೀಲಿ ತಿರುಗಿಸಿ ಎಂಜಿನ್ ಆರಿಸುತ್ತಾರೆ. ಕೆಸರಿನ ದಾರಿಯಲ್ಲಿ ತಾವಾಗಿ ಆರಿಸಿದ್ದು ಇದೇ ಮೊದಲಂತೆ. ಸುಂದರಮ್ಮ ಗೋಡೆ ಹಿಡಿದು ಎದ್ದು ಒಳಗೆ ಹೋಗುತ್ತಾರೆ. ಪಾತ್ರೆಯ ಸದ್ದು ಕೇಳುತ್ತದೆ.

"ಮುಂದಿನ ಸರ್ದಿಗೂ ಬತ್ತೀನಿ" ಎನ್ನುತ್ತಾರೆ ಇದ್ರೀಸ್, ರಗ್ಗನ್ನು ನೋಡುತ್ತ. "ಹತ್ತೋದು ಬುಡೋದು ಅವ್ರಿಗೆ ಸೇರಿದ್ದು. ಬಾಗ್ಲಲ್ಲಿ ಗಾಡಿ ಇರ್ಬೇಕು." ಆಮೇಲೆ ನನ್ನ ಕಡೆ ತಿರುಗಿ, "ಪೇಪರ್‌ನಾಗೆ ಬರೆಯೋದಾದ್ರೆ ಡೀಸೆಲ್ ಅಂತ ಹಾಕ್ಬ್ಯಾಡಿ ಅಕ್ಕ. ಬರಿ ಇದ್ರೀಸ್ ಅಂತ ಹಾಕಿ. ಆ ಹೆಸ್ರು ಸಾಕು ನಂಗೆ" ಎನ್ನುತ್ತಾರೆ.

ಗುಟುಕು ನೀರನ್ನೂ ಅಳೆದು ಕುಡಿಯಬೇಕಾದ ಸುಂದರಮ್ಮ ಬಾಗಿಲಲ್ಲಿ ತುಂಬಿದ ಲೋಟ ಹಿಡಿದು ನಿಂತಿದ್ದಾರೆ.

"ಡೀಸೆಲಪ್ಪಾ, ಕಾಫಿ ಆರೋಯ್ತದೆ, ಬಾ."

"ಬಂದೆ ಅಮ್ಮಾ" ಎಂದು ಇದ್ರೀಸ್ ಎದ್ದು ಹೋಗುತ್ತಾರೆ.